ಕರುಳಿನ ಕ್ಯಾನ್ಸರಿಗೆ ಯಾವ ಪರೀಕ್ಷೆ? ನಮ್ಮ ಶಿಬಿರಕ್ಕೊಂದು ಸಲಹೆ



ಈ ವರ್ಷದ ಆರೋಗ್ಯ ಶಿಬಿರದ ವಿಷಯ ನಮ್ಮ ಪಾಲನಾ ಸಮಿತಿಯ ಮುಂದಿದೆ. ಪಟ್ಟಣದ ಒಂದು ಲ್ಯಾಬಿನವರು ಬಂದು, ಶಿಬಿರದ ದಿನ ‘ಕ್ಯಾನ್ಸರ್ ಪ್ಯಾಕೇಜ್’ ಎಂಬ ರಕ್ತಪರೀಕ್ಷೆಯನ್ನು ಅರ್ಧ ದರದಲ್ಲಿ ಮಾಡಿಕೊಡುವುದಾಗಿಯೂ, ಒಂದೇ ಸಿರಿಂಜಿನ ರಕ್ತದಿಂದ ಕರುಳು, ಪಿತ್ತಜನಕಾಂಗ, ಮೇದೋಜೀರಕ ಗ್ರಂಥಿ ಎಲ್ಲದರ ಕ್ಯಾನ್ಸರನ್ನೂ ಮೊಳಕೆಯಲ್ಲೇ ಹಿಡಿಯಬಹುದೆಂದೂ ಹೇಳಿ ಹೋಗಿದ್ದಾರೆ. ಸಮಿತಿಯ ಬಹುಮಂದಿಗೆ ಇದು ಹಿಡಿಸಿದೆ. ಕೆಲವು ಕಿಲೋ ಅಡಿಕೆಯ ಕ್ರಯದಲ್ಲಿ ಒಬ್ಬ ಮನುಷ್ಯನ ಭಯ ಕಳೆಯುವುದಾದರೆ ಬೇಡವೆನ್ನುವವರು ಯಾರು ಎಂದು ಒಬ್ಬ ಹಿರಿಯರು ಕೇಳಿದರು. ಕೇಳುವುದು ಸಹಜವೇ.

ಆದರೆ ನಮಗೆ ಅದು ಹಿಡಿಸಿಲ್ಲ. ಸಭೆಯಲ್ಲಿ ಎರಡು ಮಾತಿನಲ್ಲಿ ಹೇಳಿದ್ದನ್ನು ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತೇವೆ. ನಾವು ವೈದ್ಯರಲ್ಲ, ಸೆಮಿನರಿಯಲ್ಲಿ ಕಲಿತದ್ದು ತತ್ತ್ವಶಾಸ್ತ್ರ ಮತ್ತು ದೈವಶಾಸ್ತ್ರ. ಆದರೂ ಇಪ್ಪತ್ತೈದು ವರ್ಷಗಳಿಂದ ರೋಗಿಗಳ ಮಂಚದ ಬದಿಯಲ್ಲಿ ಕುಳಿತು ಬಂದವರಿಗೆ ಕೆಲವು ಪ್ರಶ್ನೆಗಳನ್ನು ಕೇಳುವ ಹಕ್ಕಿದೆ. ಕೇಳಿದ್ದೇವೆ, ಓದಿದ್ದೇವೆ, ಬರೆದದ್ದನ್ನು ಮಂಗಳೂರಿನ ವೈದ್ಯಮಿತ್ರರೊಬ್ಬರಿಗೆ ತೋರಿಸಿದ್ದೇವೆ.

ಮೊದಲು ಈ ರೋಗ ನಮ್ಮ ಮನೆಗಳಿಗೆ ಬರುವ ರೀತಿಯನ್ನು ನೋಡಿ. ಐವತ್ತೈದು ದಾಟಿದ ಕೃಷಿಕರು. ಕೊಟ್ಟಿಗೆಯಿಂದ ತೋಟಕ್ಕೆ ಗೊಬ್ಬರ ಹೊರುವಾಗ ಮೊದಲಿನ ಹಾಗೆ ಆಗುವುದಿಲ್ಲ, ಗುಡ್ಡ ಹತ್ತುವಾಗ ಏದುಸಿರು. ಪ್ರಾಯವಾಯಿತು ಎಂದುಕೊಳ್ಳುತ್ತಾರೆ. ಮನೆಯವರು ಒತ್ತಾಯಿಸಿ ಕಳುಹಿಸಿದರೆ ರಕ್ತ ಕಡಿಮೆ ಎಂದು ತಿಳಿಯುತ್ತದೆ. ಕಬ್ಬಿಣದ ಮಾತ್ರೆ ಕೊಡುತ್ತಾರೆ, ಜೊತೆಗೆ ಹುಳದ ಮಾತ್ರೆ. ಕಬ್ಬಿಣದ ಮಾತ್ರೆಯಿಂದ ಮಲ ಕಪ್ಪಾಗುತ್ತದೆ. ಆಮೇಲೆ ಅದರ ಬಣ್ಣದಿಂದ ಏನನ್ನೂ ತಿಳಿಯುವಂತಿಲ್ಲ. ನಮ್ಮಲ್ಲಿ ಒಬ್ಬರು ಎಂಟು ತಿಂಗಳು ಹೀಗೆ ಮಾತ್ರೆ ನುಂಗಿದರು. ಹಿಮೋಗ್ಲೋಬಿನ್ 7ರಿಂದ ಮೇಲೇರಲಿಲ್ಲ. ಕೊನೆಗೆ ಹೊಟ್ಟೆಯ ಬಲಬದಿಯ ದೊಡ್ಡ ಕರುಳಿನಲ್ಲಿ ಗೆಡ್ಡೆ ಸಿಕ್ಕಿತು. ಆ ಹೊತ್ತಿಗೆ ಅದು ಪಿತ್ತಜನಕಾಂಗಕ್ಕೆ ದಾಟಿತ್ತು. ಅವರ ಮನೆಯವರ ಒಪ್ಪಿಗೆ ಪಡೆದೇ ಇಷ್ಟನ್ನು ಬರೆದಿದ್ದೇವೆ.

ಬಲಬದಿಯ ಕರುಳು ಅಗಲವಾದದ್ದು, ಅಲ್ಲಿ ಮಲ ಇನ್ನೂ ತೆಳುವಾಗಿಯೇ ಇರುತ್ತದೆ. ಆದ್ದರಿಂದ ಗೆಡ್ಡೆ ದೊಡ್ಡದಾದರೂ ದಾರಿ ಕಟ್ಟುವುದಿಲ್ಲ, ನೋವೂ ಇರುವುದಿಲ್ಲ. ದಿನಕ್ಕೆ ನಾಲ್ಕು ಹನಿ ನೆತ್ತರು ಜಿನುಗಿ ಮಲದೊಳಗೆ ಬೆರೆತು ಹೋಗುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಎಡಬದಿಯಲ್ಲಾದರೆ, ಗುದನಾಳದಲ್ಲಾದರೆ ನೆತ್ತರು ಕಾಣಿಸಿಕೊಳ್ಳುವುದುಂಟು. ಆದರೆ ಅದಕ್ಕೆ ನಮ್ಮಲ್ಲಿ ಹೆಸರು ಮೊದಲೇ ಸಿದ್ಧವಾಗಿದೆ: ಮೂಲವ್ಯಾಧಿ. ಕಂಬಕ್ಕೆ ಅಂಟಿಸಿದ ಚೀಟಿಗಳಲ್ಲಿ ‘ಮೂಲವ್ಯಾಧಿಗೆ ಶಸ್ತ್ರಚಿಕಿತ್ಸೆ ಇಲ್ಲದೆ ಪರಿಹಾರ’ ಎಂಬುದನ್ನು ನೋಡಿ ಅಲ್ಲಿಗೆ ಹೋಗುತ್ತಾರೆ. ಮೂಲವ್ಯಾಧಿ ಇರುವವರು ಬಹಳ ಮಂದಿ, ಕ್ಯಾನ್ಸರ್ ಇರುವವರು ಕೆಲವೇ ಮಂದಿ ಎಂಬುದು ನಿಜ. ಎರಡೂ ಒಬ್ಬರಲ್ಲೇ ಇರಬಹುದು ಎಂಬುದೂ ಅಷ್ಟೇ ನಿಜ. ಕಂಬದ ಚೀಟಿಯವರು ಇದನ್ನು ಹೇಳುವುದಿಲ್ಲ.

ತೆಂಗಿಗೆ ಬರುವ ಕೆಂಪುಮೂತಿ ಹುಳುವನ್ನು ನೀವೆಲ್ಲ ಬಲ್ಲಿರಿ. ಮರಿಹುಳುಗಳು ಒಳಗಿನ ಮೆದು ತಿರುಳನ್ನು ತಿನ್ನುತ್ತಿರುವಾಗ ಮರ ಹೊರಗೆ ಹಸಿರಾಗಿಯೇ ಇರುತ್ತದೆ. ಕಾಂಡದಲ್ಲಿ ಒಂದು ಸಣ್ಣ ತೂತು, ಅದರಿಂದ ಕಂದು ಬಣ್ಣದ ಅಂಟುನೀರು ಇಳಿದ ಗುರುತು, ಅಗಿದ ನಾರಿನ ಚೂರು, ಅಷ್ಟೇ. ಅದನ್ನು ಕಂಡವರಿಗೆ ಮರ ಉಳಿಸಿಕೊಳ್ಳುವ ಅವಕಾಶವಿದೆ. ಸುಳಿ ಬಾಗಿದ ಮೇಲೆ ಕಂಡವರು ಕೊಡಲಿ ತರಬೇಕಾಗುತ್ತದೆ. ಕರುಳಿನ ಕ್ಯಾನ್ಸರಿನ ಸಂಗತಿಯೂ ಹೆಚ್ಚುಕಡಿಮೆ ಹೀಗೆಯೇ. ಆ ಅಂಟುನೀರಿನ ಜಾಗದಲ್ಲಿ ಇಲ್ಲಿ ಇರುವುದು ಮಲದಲ್ಲಿ ಅಡಗಿದ ನೆತ್ತರು.

ಇದು ಹೇಗೆಂದು ತಿಳಿಯಬೇಕಾದರೆ ರೋಗದ ಹುಟ್ಟನ್ನು ಸ್ವಲ್ಪ ತಿಳಿಯಬೇಕು. ದೊಡ್ಡ ಕರುಳಿನ ಒಳಪದರದ ಜೀವಕೋಶಗಳು ಕೆಲವೇ ದಿನಗಳಲ್ಲಿ ಉದುರಿ ಮತ್ತೆ ಹೊಸದಾಗಿ ಹುಟ್ಟುತ್ತಿರುತ್ತವೆ. ಈ ನಿರಂತರ ಹುಟ್ಟಿನಲ್ಲಿ ಒಮ್ಮೊಮ್ಮೆ ಜೀನಿನ ತಪ್ಪು ನುಸುಳಿ, ಒಂದೆಡೆ ಅಣಬೆಯಂಥ ಸಣ್ಣ ಗಂಟು ಏಳುತ್ತದೆ. ಅದಕ್ಕೆ ಪಾಲಿಪ್ ಎನ್ನುತ್ತಾರೆ. ಹೆಚ್ಚಿನ ಪಾಲಿಪ್‌ಗಳು ಎಂದೂ ಕ್ಯಾನ್ಸರ್ ಆಗುವುದಿಲ್ಲ. ಕೆಲವು ಮಾತ್ರ, ಒಂದರ ಮೇಲೊಂದು ತಪ್ಪು ಸೇರಿಸಿಕೊಳ್ಳುತ್ತ, ಹತ್ತು ವರ್ಷದಷ್ಟು ಅಥವಾ ಅದಕ್ಕೂ ಹೆಚ್ಚು ಕಾಲ ತೆಗೆದುಕೊಂಡು ಕ್ಯಾನ್ಸರಾಗುತ್ತವೆ. ಅಮೆರಿಕದ ಎರಿಕ್ ಫಿಯರಾನ್ ಮತ್ತು ಬರ್ಟ್ ವೋಗೆಲ್‌ಸ್ಟೈನ್ ಎಂಬ ವಿಜ್ಞಾನಿಗಳು 1990ರಲ್ಲಿ ಈ ಮೆಟ್ಟಿಲುಗಳನ್ನು ಒಂದೊಂದಾಗಿ, ಯಾವ ಜೀನಿನಲ್ಲಿ ಯಾವಾಗ ತಪ್ಪಾಗುತ್ತದೆ ಎಂಬುದರೊಂದಿಗೆ ವಿವರಿಸಿದರು. ಹತ್ತು ವರ್ಷ ಎಂದರೆ ಅಡಿಕೆ ಸಸಿ ನೆಟ್ಟು ಪೂರ್ಣ ಫಸಲು ತೆಗೆಯುವಷ್ಟು ಕಾಲ. ಇಷ್ಟು ಕಾಲಾವಕಾಶ ಕೊಡುವ ಕ್ಯಾನ್ಸರ್‌ಗಳು ಹೆಚ್ಚಿಲ್ಲ. ಪಾಲಿಪ್ ಇರುವಾಗಲೇ ಕಿತ್ತರೆ ಕ್ಯಾನ್ಸರೇ ಬರುವುದಿಲ್ಲ. ಕ್ಯಾನ್ಸರಾಗಿ ಇನ್ನೂ ಕರುಳಿನ ಗೋಡೆಯೊಳಗೇ ಇದ್ದಾಗ ಹಿಡಿದರೆ, ಅಮೆರಿಕದ ದಾಖಲೆಗಳ ಪ್ರಕಾರ ನೂರರಲ್ಲಿ ಸುಮಾರು 90 ಮಂದಿ ಐದು ವರ್ಷದ ನಂತರವೂ ಬದುಕಿರುತ್ತಾರೆ. ದೂರದ ಅಂಗಕ್ಕೆ ಹಬ್ಬಿದ ಮೇಲೆ ಸಿಕ್ಕಿದರೆ ಆ ಸಂಖ್ಯೆ 15ರ ಆಸುಪಾಸಿಗೆ ಇಳಿಯುತ್ತದೆ. ಜಗತ್ತಿನಲ್ಲಿ 2022ರಲ್ಲಿ ಸುಮಾರು 19 ಲಕ್ಷ ಮಂದಿಗೆ ಈ ರೋಗ ಹೊಸದಾಗಿ ಕಂಡುಬಂತು, ಸುಮಾರು 9 ಲಕ್ಷ ಮಂದಿ ಇದರಿಂದ ತೀರಿಕೊಂಡರು.

ಇನ್ನು ‘ಗುರುತು’ ಎಂಬ ಮಾತಿಗೆ ಬರೋಣ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ತಯಾರಿಸಿದಾಗ ಉಜ್ಜಿದ ಕಬ್ಬಿಣದ ಚೂರಿಯನ್ನು ಅದ್ದಿ ನೋಡುತ್ತೇವಲ್ಲ? ಚೂರಿಗೆ ತಾಮ್ರದ ಕೆಂಪು ಹಿಡಿದರೆ ಸುಣ್ಣ ಸಾಲದು, ಇನ್ನಷ್ಟು ಹಾಕಬೇಕು. ಆ ಕೆಂಪು ಸ್ವತಃ ದೋಷವಲ್ಲ, ಕಣ್ಣಿಗೆ ಕಾಣದ ದೋಷದ ಗುರುತು. ವೈದ್ಯರು ಬಯೋಮಾರ್ಕರ್, ಅಂದರೆ ಜೈವಿಕ ಗುರುತು, ಎನ್ನುವುದು ಇಂಥದನ್ನೇ. ಒಳ್ಳೆಯ ಗುರುತಿಗೆ ಎರಡು ಗುಣ ಬೇಕು. ದೋಷ ಇದ್ದಾಗ ಕಾಣಿಸಬೇಕು, ದೋಷ ಇಲ್ಲದಾಗ ಕಾಣಿಸಬಾರದು. ಲ್ಯಾಬಿನವರು ಮೊದಲನೆಯದರ ಕುರಿತು ಮಾತ್ರ ಮಾತಾಡಿದರು, ಅದೂ ಪೂರ್ತಿ ಅಲ್ಲ.

ಅವರ ಪ್ಯಾಕೇಜಿನಲ್ಲಿ ಕರುಳಿಗೆಂದು ಇರುವ ಗುರುತು ಸಿ.ಇ.ಎ. ಎಂಬ ಪ್ರೋಟೀನು. ಇದನ್ನು 1965ರಲ್ಲಿ ಕೆನಡಾದ ಮಾಂಟ್ರಿಯಲ್ ನಗರದಲ್ಲಿ ಫಿಲ್ ಗೋಲ್ಡ್ ಮತ್ತು ಸ್ಯಾಮ್ಯುಯೆಲ್ ಫ್ರೀಡ್‌ಮನ್ ಕಂಡುಹಿಡಿದರು. ಗರ್ಭದಲ್ಲಿರುವ ಶಿಶುವಿನ ಕರುಳಿನಲ್ಲಿಯೂ, ಕರುಳಿನ ಕ್ಯಾನ್ಸರಿನಲ್ಲಿಯೂ ಇರುವ ಪ್ರೋಟೀನು ಇದು. ರಕ್ತದಲ್ಲಿ ಇದನ್ನು ಅಳೆದರೆ ಸಾಕು, ಕರುಳಿನ ಕ್ಯಾನ್ಸರನ್ನು ಆರಂಭದಲ್ಲೇ ಹಿಡಿಯಬಹುದು ಎಂದು ಆಗ ಜಗತ್ತೇ ಆಸೆಪಟ್ಟಿತು. ಆಸೆ ಬಹುಕಾಲ ಉಳಿಯಲಿಲ್ಲ. ಬೀಡಿ ಸಿಗರೇಟು ಸೇದುವವರಲ್ಲಿ ಇದು ಏರಿರುತ್ತದೆ. ಪಿತ್ತಜನಕಾಂಗದ ಕಾಯಿಲೆಯಲ್ಲಿ ಏರುತ್ತದೆ, ಕರುಳಿನ ಉರಿಯೂತದಲ್ಲಿ ಏರುತ್ತದೆ. ನಿಜವಾಗಿ ಆರಂಭದ ಕ್ಯಾನ್ಸರ್ ಇರುವವರಲ್ಲಾದರೋ ಬಹುಪಾಲು ಸಹಜ ಮಟ್ಟದಲ್ಲೇ ಇರುತ್ತದೆ. ಆದ್ದರಿಂದ ರೋಗಲಕ್ಷಣ ಇಲ್ಲದವರಲ್ಲಿ ಕ್ಯಾನ್ಸರ್ ಹುಡುಕಲು ಸಿ.ಇ.ಎ. ಬಳಸಬಾರದು ಎಂಬುದು ಇಂದು ಕ್ಯಾನ್ಸರ್ ತಜ್ಞರ ಸಂಘಗಳ ಸ್ಪಷ್ಟ ನಿಲುವು. ಇದು ಅಪ್ರಯೋಜಕ ಪರೀಕ್ಷೆಯೇನಲ್ಲ. ಕರುಳಿನ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ ಆದವರಲ್ಲಿ ಮೂರರಿಂದ ಆರು ತಿಂಗಳಿಗೊಮ್ಮೆ ಇದನ್ನು ನೋಡುತ್ತಾರೆ. ಇಳಿದದ್ದು ಮತ್ತೆ ಏರತೊಡಗಿದರೆ ರೋಗ ಮರಳುತ್ತಿರಬಹುದೆಂಬ ಎಚ್ಚರಿಕೆ. ನಮ್ಮಲ್ಲಿ ಯಾರಿಗಾದರೂ ವೈದ್ಯರು ಅದಕ್ಕಾಗಿ ಬರೆದುಕೊಟ್ಟಿದ್ದರೆ ಈ ಲೇಖನ ಓದಿ ಅದನ್ನು ನಿಲ್ಲಿಸಬೇಡಿ.

ನಮ್ಮ ತಕರಾರು ಹಣ ವ್ಯರ್ಥವಾಗುತ್ತದೆ ಎಂಬುದಷ್ಟೇ ಅಲ್ಲ. ಮಲದಲ್ಲಿ ನೆತ್ತರು ಕಾಣುತ್ತಿರುವ ಒಬ್ಬರು ಶಿಬಿರಕ್ಕೆ ಬಂದು ರಕ್ತ ಕೊಟ್ಟು, ‘ಕ್ಯಾನ್ಸರ್ ಟೆಸ್ಟ್ ನಾರ್ಮಲ್’ ಎಂಬ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ಮನೆಗೆ ಹೋದರೆಂದು ತಿಳಿಯಿರಿ. ಇನ್ನೆರಡು ವರ್ಷ ಅವರನ್ನು ಯಾರು ಆಸ್ಪತ್ರೆಗೆ ಕಳುಹಿಸಬಲ್ಲರು? ಹೆಂಡತಿ ಹೇಳಿದರೆ ಕಾಗದ ತೋರಿಸುತ್ತಾರೆ, ನಾವು ಹೇಳಿದರೂ ಕಾಗದ ತೋರಿಸುತ್ತಾರೆ. ಅದು ಇಗರ್ಜಿಯ ಶಿಬಿರದಲ್ಲಿ ಕೊಟ್ಟ ಕಾಗದವಾದರೆ ಇನ್ನಷ್ಟು ನಂಬಿಕೆಯಿಂದ ತೋರಿಸುತ್ತಾರೆ. ಇನ್ನೊಂದು ಕಡೆ, ಬೀಡಿ ಸೇದುವ ಆರೋಗ್ಯವಂತ ಕೂಲಿಯವರೊಬ್ಬರಿಗೆ ಅಂಕೆ ಸ್ವಲ್ಪ ಮೇಲೆ ಬಂದರೆ ಸ್ಕ್ಯಾನಿನಿಂದ ಸ್ಕ್ಯಾನಿಗೆ ಅಲೆದು ಸಹಕಾರಿ ಸಂಘದಲ್ಲಿ ಸಾಲ ಮಾಡುತ್ತಾರೆ.

ಹಾಗಾದರೆ ನಂಬಬಹುದಾದ ಗುರುತು ಯಾವುದು? ಉತ್ತರ ಹಳೆಯದು, ಅಷ್ಟೇನೂ ಆಕರ್ಷಕವಲ್ಲದ್ದು. ಮಲದಲ್ಲಿ ಅಡಗಿದ ನೆತ್ತರೇ. ವೆಸ್ಟ್ ಇಂಡೀಸಿನ ಕಡೆ ಬೆಳೆಯುವ ಗ್ವಾಯಾಕಮ್ ಎಂಬ ಮರದ ರಾಳ ಹಚ್ಚಿದ ಕಾಗದಕ್ಕೆ ಮಲವನ್ನು ಸವರಿ, ಹೈಡ್ರೋಜನ್ ಪೆರಾಕ್ಸೈಡ್ ಹನಿಸಿದರೆ ರಕ್ತವಿದ್ದಲ್ಲಿ ನೀಲಿ ಬಣ್ಣ ಬರುತ್ತದೆ. ಅಮೆರಿಕದ ಮಿನ್ನೆಸೋಟದಲ್ಲಿ 50ರಿಂದ 80 ವಯಸ್ಸಿನ 46,551 ಮಂದಿಯನ್ನು ಗುಂಪುಗಳಾಗಿ ವಿಂಗಡಿಸಿ ಈ ಕಾಗದವನ್ನು ಪರೀಕ್ಷಿಸಿದರು. ಫಲಿತಾಂಶ 1993ರಲ್ಲಿ ಪ್ರಕಟವಾಯಿತು. ಪ್ರತಿ ವರ್ಷ ಪರೀಕ್ಷೆಗೆ ಆಯ್ಕೆಯಾದ ಗುಂಪಿನಲ್ಲಿ, 13 ವರ್ಷಗಳ ಲೆಕ್ಕದಲ್ಲಿ, ಕರುಳಿನ ಕ್ಯಾನ್ಸರಿನಿಂದಾದ ಸಾವುಗಳು ಮೂರನೆಯ ಒಂದು ಪಾಲಿನಷ್ಟು ಕಡಿಮೆಯಾಗಿದ್ದವು. ಒಂದು ಮರದ ರಾಳದಿಂದ ಇಷ್ಟಾಯಿತು.

ಆ ಹಳೆಯ ಕಾಗದಕ್ಕೆ ಒಂದು ದೋಷವಿತ್ತು. ಅದಕ್ಕೆ ದನದ ನೆತ್ತರೂ ಒಂದೇ, ಮನುಷ್ಯನ ನೆತ್ತರೂ ಒಂದೇ. ಹಿಂದಿನ ದಿನ ಮಾಂಸದೂಟ ಮಾಡಿದ್ದರೆ, ಹಸಿ ಮೂಲಂಗಿ ತಿಂದಿದ್ದರೂ ಸಹ, ಅದು ನೀಲಿಯಾಗಬಹುದು. ಈಗ ಬಳಕೆಯಲ್ಲಿರುವುದು ‘ಫಿಟ್’ ಎಂಬ ಪರೀಕ್ಷೆ. ಇದು ಮನುಷ್ಯನ ಹಿಮೋಗ್ಲೋಬಿನ್ನನ್ನು ಮಾತ್ರ ಗುರುತಿಸುತ್ತದೆ. ಊಟದಲ್ಲಿ ಪಥ್ಯ ಬೇಕಿಲ್ಲ. ನಮ್ಮಂಥ ಊರಿಗೆ ಇನ್ನೊಂದು ಅನುಕೂಲವೂ ಇದೆ. ಜಠರದಲ್ಲೋ ಸಣ್ಣ ಕರುಳಿನಲ್ಲೋ ಒಸರಿದ ರಕ್ತ ಕೆಳಗಿಳಿಯುವಷ್ಟರಲ್ಲಿ ಬಹುಮಟ್ಟಿಗೆ ಜೀರ್ಣವಾಗಿ ಈ ಪರೀಕ್ಷೆಗೆ ಸಿಗದಂತಾಗುತ್ತದೆ. ಬರಿಗಾಲಿನಲ್ಲಿ ತೋಟದಲ್ಲಿ ಓಡಾಡುವವರಿಗೆ ಹತ್ತುವ ಕೊಕ್ಕೆಹುಳು ಇರುವುದು ಸಣ್ಣ ಕರುಳಿನಲ್ಲಿ. ಆದ್ದರಿಂದ ಫಿಟ್ ತೋರಿಸುವುದು ಹೆಚ್ಚಾಗಿ ದೊಡ್ಡ ಕರುಳಿನ ನೆತ್ತರನ್ನೇ. ಜಪಾನ್ ದೇಶ 1992ರಿಂದಲೂ, ನೆದರ್ಲ್ಯಾಂಡ್ಸ್ 2014ರಿಂದಲೂ ಇದನ್ನು ರಾಷ್ಟ್ರೀಯ ಕಾರ್ಯಕ್ರಮವಾಗಿ ನಡೆಸುತ್ತಿವೆ. ಇಂಗ್ಲೆಂಡ್ 2019ರಲ್ಲಿ ಹಳೆಯ ಕಾಗದವನ್ನು ಬಿಟ್ಟು ಇದಕ್ಕೆ ಬದಲಾಯಿಸಿಕೊಂಡಿತು.

ಇದಕ್ಕಿಂತ ಹೊಸದು ಏನೂ ಇಲ್ಲವೇ ಎಂದು ನಮ್ಮ ಕಾಲೇಜು ಮಕ್ಕಳು ಕೇಳುತ್ತಾರೆ. ಇದೆ. ಮಲದಲ್ಲಿ ಉದುರಿದ ಜೀವಕೋಶಗಳ ಡಿ.ಎನ್.ಎ.ಯಲ್ಲಿ ಕ್ಯಾನ್ಸರಿನ ತಪ್ಪುಗಳನ್ನು ಹುಡುಕುವ ಪರೀಕ್ಷೆಗೆ ಅಮೆರಿಕದಲ್ಲಿ 2014ರಲ್ಲಿ ಅನುಮತಿ ಸಿಕ್ಕಿತು. ಸುಮಾರು ಹತ್ತು ಸಾವಿರ ಮಂದಿಗೆ ಎರಡೂ ಪರೀಕ್ಷೆಗಳನ್ನೂ ಕೊಲೊನೋಸ್ಕೋಪಿಯನ್ನೂ ಮಾಡಿದ ಅಧ್ಯಯನದಲ್ಲಿ 65 ಮಂದಿಗೆ ಕ್ಯಾನ್ಸರ್ ಇತ್ತು. ಡಿ.ಎನ್.ಎ. ಪರೀಕ್ಷೆ 60 ಮಂದಿಯನ್ನು ಹಿಡಿಯಿತು, ಫಿಟ್ 48 ಮಂದಿಯನ್ನು. ಆದರೆ ರೋಗವಿಲ್ಲದವರನ್ನು ಸುಮ್ಮನೆ ಹೆದರಿಸಿದ್ದರಲ್ಲಿಯೂ ಹೊಸದೇ ಮುಂದೆ: ನೂರರಲ್ಲಿ ಫಿಟ್ ಸುಮಾರು ಐವರನ್ನು ಹೆದರಿಸಿದರೆ ಇದು ಸುಮಾರು ಹದಿಮೂರು ಮಂದಿಯನ್ನು ಹೆದರಿಸಿತು. ಇದರ ಬೆಲೆ ಅಲ್ಲಿ 500 ಡಾಲರಿಗೂ ಮೇಲೆ. ಇಷ್ಟು ದುಬಾರಿಯಾದ ಈ ಪರೀಕ್ಷೆಯೊಳಗೂ ಹಿಮೋಗ್ಲೋಬಿನ್ ನೋಡುವ ಒಂದು ಭಾಗವನ್ನು ಇಟ್ಟೇ ಇದ್ದಾರೆ ಎಂಬುದು ನಮಗೆ ಸ್ವಾರಸ್ಯವೆನಿಸಿತು. ಹಳೆಯ ನೆತ್ತರನ್ನು ಬಿಟ್ಟು ಅವರಿಗೂ ನಡೆಯಲಿಲ್ಲ.

ರಕ್ತದಿಂದಲೇ ಕರುಳಿನ ಕ್ಯಾನ್ಸರಿನ ಡಿ.ಎನ್.ಎ. ಹುಡುಕುವ ಪರೀಕ್ಷೆಯೊಂದಕ್ಕೆ 2024ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ನೂರು ಕ್ಯಾನ್ಸರುಗಳಲ್ಲಿ ಸುಮಾರು 83ನ್ನು ಅದು ಹಿಡಿಯುತ್ತದೆ. ಆದರೆ ಕ್ಯಾನ್ಸರಾಗುವ ಹಾದಿಯಲ್ಲಿ ಮುಂದುವರಿದ ಪಾಲಿಪ್‌ಗಳಲ್ಲಿ ಅದಕ್ಕೆ ಸಿಕ್ಕಿದ್ದು ನೂರರಲ್ಲಿ ಸುಮಾರು 13 ಮಾತ್ರ. ಮೇಲೆ ಹೇಳಿದ ಅಧ್ಯಯನದಲ್ಲಿ ಫಿಟ್‌ಗೆ ಸಿಕ್ಕಿದ್ದು ಸುಮಾರು 24, ಮಲದ ಡಿ.ಎನ್.ಎ.ಗೆ 42. ಏಕೆಂದು ಯೋಚಿಸಿದರೆ ಆಶ್ಚರ್ಯವಿಲ್ಲ. ರಕ್ತಕ್ಕೆ ಗುರುತು ಬೀಳಬೇಕಾದರೆ ಗೆಡ್ಡೆ ಒಳಗೆ ಬೇರಿಳಿಸಬೇಕು. ಮಲವಾದರೋ ಮೇಲೆದ್ದ ಗಂಟನ್ನು ದಿನವೂ ಉಜ್ಜಿಕೊಂಡೇ ಹೋಗುತ್ತದೆ. ನಮ್ಮ ಲ್ಯಾಬಿನವರ ಪ್ಯಾಕೇಜಿಗೂ ಈ ಹೊಸ ರಕ್ತಪರೀಕ್ಷೆಗೂ ಏನೂ ಸಂಬಂಧವಿಲ್ಲ ಎಂಬುದನ್ನು ಮಾತ್ರ ಸಮಿತಿಯವರು ಗಮನಿಸಬೇಕು. ಪತ್ರಿಕೆಯಲ್ಲಿ ಓದಿದ್ದು ಅದು, ಇಲ್ಲಿ ಮಾರುತ್ತಿರುವುದು ಇದು.

ಫಿಟ್ ಕೂಡ ಎಲ್ಲವನ್ನೂ ಹಿಡಿಯುವುದಿಲ್ಲ ಎಂಬುದನ್ನು ಮೇಲಿನ ಅಂಕೆಗಳೇ ಹೇಳುತ್ತವೆ. ಪಾಲಿಪ್ ದಿನವೂ ಜಿನುಗುವುದಿಲ್ಲ. ಒಂದು ಸಲ ತಪ್ಪಿಸಿಕೊಂಡದ್ದು ಮುಂದಿನ ಸಲ ಸಿಗಬಹುದು. ಆದ್ದರಿಂದ ಇದನ್ನು ವರ್ಷಕ್ಕೊಮ್ಮೆ ಅಥವಾ ಎರಡು ವರ್ಷಕ್ಕೊಮ್ಮೆ ಮಾಡಲೇಬೇಕು. ಬೋರ್ಡೋ ಒಂದು ವರ್ಷ ಹೊಡೆದು ಮುಂದಿನ ವರ್ಷ ಬಿಟ್ಟಂತೆ ಆಗಬಾರದು. ಗುರುತು ಕಂಡರೆ ಅದು ಕ್ಯಾನ್ಸರ್ ಎಂದು ಅರ್ಥವಲ್ಲ. ಗುರುತು ಕಂಡವರಲ್ಲಿ ಕ್ಯಾನ್ಸರ್ ಇರುವವರು ಕೆಲವರೇ. ಆದರೆ ಆ ಕೆಲವರು ಯಾರೆಂದು ತಿಳಿಯಲು ಕೊಲೊನೋಸ್ಕೋಪಿ, ಅಂದರೆ ಗುದದ್ವಾರದ ಮೂಲಕ ಕ್ಯಾಮೆರಾ ಇರುವ ಕೊಳವೆ ಹಾಕಿ ದೊಡ್ಡ ಕರುಳನ್ನೆಲ್ಲ ನೋಡುವ ಪರೀಕ್ಷೆ, ಆಗಲೇಬೇಕು. ಪಾಲಿಪ್ ಕಂಡರೆ ಅದೇ ಕೊಳವೆಯಿಂದ ತಂತಿಯ ಕುಣಿಕೆ ಹಾಕಿ ಹೆಚ್ಚಾಗಿ ಅಲ್ಲೇ ತೆಗೆಯುತ್ತಾರೆ.

ನಮ್ಮ ಮುಖ್ಯ ಮಾತು ಇಲ್ಲಿದೆ. ಫಿಟ್‌ನಲ್ಲಿ ಗುರುತು ಕಂಡು, ಕೊಲೊನೋಸ್ಕೋಪಿಗೆ ಹೋಗದೆ ಉಳಿದರೆ ಫಿಟ್ ಮಾಡಿದ್ದೂ ಒಂದೇ, ಮಾಡದಿದ್ದದ್ದೂ ಒಂದೇ. ನಮ್ಮವರು ಅದಕ್ಕೆ ಮಂಗಳೂರಿಗೋ ತಲಶ್ಶೇರಿ ಬಳಿಯ ಮಲಬಾರ್ ಕ್ಯಾನ್ಸರ್ ಕೇಂದ್ರಕ್ಕೋ ಹೋಗಬೇಕು. ಹಿಂದಿನ ದಿನ ಹೊಟ್ಟೆ ಖಾಲಿ ಮಾಡುವ ಔಷಧಿ ಕುಡಿದು, ಮುಂಜಾನೆ ಬಸ್ಸಿನಲ್ಲಿ ತಲಪಾಡಿ ದಾಟಿ ಹೋಗುವುದು ಅರುವತ್ತು ವರ್ಷದವರಿಗೆ ಸಣ್ಣ ಸಂಗತಿಯಲ್ಲ. ಜೊತೆಗೆ ಒಬ್ಬರು ಬೇಕು, ಆ ದಿನದ ಇಬ್ಬರ ಕೂಲಿ ಹೋಗುತ್ತದೆ. ಗಡಿಯ ಈ ಕಡೆ ಮನೆ, ಆ ಕಡೆ ಆಸ್ಪತ್ರೆ ಎಂಬ ನಮ್ಮ ಸ್ಥಿತಿ ಏನೆಂದು 2020ರ ಮಾರ್ಚಿನಲ್ಲಿ ಆ ಗಡಿ ಮುಚ್ಚಿದಾಗ ಎಲ್ಲರಿಗೂ ತಿಳಿಯಿತು. ಆದ್ದರಿಂದ ಪ್ಯಾಕೇಜಿಗೆಂದು ಸಮಿತಿ ತೆಗೆದಿಡಲು ಯೋಚಿಸಿದ ಹಣವನ್ನು ಗುರುತು ಕಂಡವರ ಕೊಲೊನೋಸ್ಕೋಪಿಗೆ ಮತ್ತು ವಾಹನಕ್ಕೆ ಇಡಬೇಕೆಂಬುದು ನಮ್ಮ ಸಲಹೆ. ಆಸ್ಪತ್ರೆಯೊಂದರೊಡನೆ ದಿನಾಂಕವನ್ನೂ ದರವನ್ನೂ ಮೊದಲೇ ಗೊತ್ತುಮಾಡಿಕೊಂಡ ಮೇಲೆಯೇ ಮನೆಗಳಿಗೆ ಡಬ್ಬಿ ಹಂಚಬೇಕು. ಅದು ಆಗದಿದ್ದರೆ ಈ ವರ್ಷ ಡಬ್ಬಿಯನ್ನೂ ಹಂಚುವುದು ಬೇಡ.

ಮಲ ಹಿಡಿದು ತರುವುದೆಂದರೆ ಜನ ಬರುವುದಿಲ್ಲ, ರಕ್ತವಾದರೆ ಕೈ ಚಾಚುತ್ತಾರೆ ಎಂದು ಯುವಕರೊಬ್ಬರು ಹೇಳಿದರು. ಸತ್ಯವಿದೆ. ಹಿಂದೆ ಬೆಂಕಿಪೊಟ್ಟಣದಲ್ಲಿ ಮಲ ಹಾಕಿಕೊಂಡು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗುತ್ತಿದ್ದದ್ದನ್ನು ಹಿರಿಯರು ನಗುತ್ತ ನೆನೆಯುತ್ತಾರೆ. ಈಗ ಹಾಗಿಲ್ಲ. ಸಣ್ಣ ಕಡ್ಡಿಯನ್ನು ಮಲದ ಮೇಲೆ ನಾಲ್ಕು ಕಡೆ ತಾಗಿಸಿ ದ್ರವವಿರುವ ಕೊಳವೆಗೆ ತೂರಿಸಿ ಮುಚ್ಚಿದರೆ ಆಯಿತು, ವಾಸನೆಯೂ ಇಲ್ಲ. ಹೇಗೂ ನಾವು ಕೃಷಿಕರು. ಹಸುವಿನ ಸೆಗಣಿ ನೋಡಿ ಅದರ ಹೊಟ್ಟೆಯ ಸ್ಥಿತಿ ಹೇಳುವವರು, ಸೆಗಣಿಯನ್ನು ಬರಿಗೈಯಲ್ಲಿ ಎತ್ತುವವರು. ನಮ್ಮದೇ ಮಲದ ವಿಷಯದಲ್ಲಿ ಪೇಟೆಯವರ ನಾಚಿಕೆ ನಮಗೆ ಏಕೆ ಬಂತೋ ತಿಳಿಯದು. ಹೆಂಗಸರಿಗೆ ಈ ಸಂಕೋಚ ಇನ್ನೂ ಹೆಚ್ಚು. ಸ್ತ್ರೀ ಸಂಘಟನೆಯವರು ಮನೆಮನೆಗೆ ಹೋಗಿ ಹೇಳಿದರೆ ಗಂಡಸರ ಭಾಷಣಕ್ಕಿಂತ ಹೆಚ್ಚು ಕೆಲಸವಾದೀತು. ಡಬ್ಬಿಯ ಸೂಚನೆಗಳು ಬರುವುದು ಇಂಗ್ಲಿಷಿನಲ್ಲಿ, ಒಮ್ಮೊಮ್ಮೆ ಮಲಯಾಳದಲ್ಲಿ. ನಮ್ಮ ಹಿರಿಯರು ಓದುವುದು ಕನ್ನಡ. ಒಂದು ಪುಟದ ಕನ್ನಡ ಸೂಚನೆಯನ್ನು ಯುವಕರು ಅಚ್ಚು ಹಾಕಿಸಿಕೊಡಬೇಕು.

ಸರಕಾರ ಇದನ್ನು ಏಕೆ ಮಾಡುತ್ತಿಲ್ಲ ಎಂಬ ಪ್ರಶ್ನೆಯೂ ಬಂತು. ಕೇಂದ್ರ ಸರಕಾರ 2016ರಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ 30 ದಾಟಿದವರಿಗೆ ಬಾಯಿ, ಸ್ತನ ಮತ್ತು ಗರ್ಭಕೊರಳು ಈ ಮೂರು ಕ್ಯಾನ್ಸರ್‌ಗಳ ತಪಾಸಣೆ ನಡೆಯಬೇಕು. ಕರುಳು ಅದರಲ್ಲಿಲ್ಲ. ಪಾಶ್ಚಾತ್ಯ ದೇಶಗಳಿಗೆ ಹೋಲಿಸಿದರೆ ನಮ್ಮಲ್ಲಿ ಕರುಳಿನ ಕ್ಯಾನ್ಸರ್ ಕಡಿಮೆ, ಆ ಮೂರು ಹೆಚ್ಚು. ಆದ್ದರಿಂದ ಊರಿಗೆ ಊರನ್ನೇ ಫಿಟ್‌ಗೆ ಎಳೆಯಬೇಕೆಂದು ನಾವು ಹೇಳುವುದಿಲ್ಲ. ಶಿಬಿರದಲ್ಲಿ ಮೊದಲು ಮಾಡಬೇಕಾದದ್ದು ಟಾರ್ಚು ಹಿಡಿದು ಬಾಯಿ ನೋಡುವುದು. ಇದಕ್ಕೆ ಖರ್ಚೇ ಇಲ್ಲ. ಎಲೆಅಡಿಕೆ ಜಗಿಯುವವರ ಬಾಯಿಯಲ್ಲಿ ಬಿಳಿ ಮಚ್ಚೆ, ಮಾಯದ ಹುಣ್ಣು ಕಂಡರೆ ಅಂದೇ ಕಳುಹಿಸಬಹುದು. ಅಡಿಕೆಯೇ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಹೇಳಿದೆ. ಅಡಿಕೆಯಿಂದಲೇ ಬದುಕುವ ಊರಿನಲ್ಲಿ ಕುಳಿತು ಇದನ್ನು ಬರೆಯುವುದು ಸುಲಭವಲ್ಲ, ಆದರೂ ಬರೆದಿದ್ದೇವೆ. ಹಾಗೆಯೇ ಹಬ್ಬದ ಹಂದಿಮಾಂಸದ ವಿಷಯ. ಅದೇ ವಿಭಾಗ 2015ರಲ್ಲಿ ಸಾಸೇಜಿನಂಥ ಸಂಸ್ಕರಿಸಿದ ಮಾಂಸ ಕರುಳಿನ ಕ್ಯಾನ್ಸರಿಗೆ ಕಾರಣವೆಂದೂ, ಹಂದಿ ದನ ಆಡುಗಳ ಕೆಂಪು ಮಾಂಸ ಬಹುಶಃ ಕಾರಣವೆಂದೂ ಹೇಳಿತು. ಮದ್ಯವೂ ಒಂದು ಕಾರಣ. ವರ್ಷಕ್ಕೆ ನಾಲ್ಕು ಹಬ್ಬದೂಟಗಳಿಗೆ ನಾವೇನೂ ಅಡ್ಡ ಬರುವುದಿಲ್ಲ. ವಾರಕ್ಕೆ ನಾಲ್ಕು ಸಂಜೆಗಳ ಬಗ್ಗೆ ಅವರವರೇ ಯೋಚಿಸಲಿ.

ಫಿಟ್ ಯಾರಿಗೆ? ಲಕ್ಷಣಗಳಿಲ್ಲದ, 50ರಿಂದ 75ರೊಳಗಿನ ಗಂಡಸರು ಹೆಂಗಸರಿಗೆ. ಮಲದಲ್ಲಿ ನೆತ್ತರು ಕಾಣುತ್ತಿರುವವರು, ಮಲವಿಸರ್ಜನೆಯ ಕ್ರಮ ವಾರಗಟ್ಟಲೆ ಬದಲಾದವರು, ಕಾರಣವಿಲ್ಲದೆ ತೂಕ ಇಳಿದವರು, ಗಂಡಸರಾಗಿ ಅಥವಾ ಮುಟ್ಟು ನಿಂತ ಹೆಂಗಸರಾಗಿ ರಕ್ತ ಕಡಿಮೆ ಇರುವವರು, ಇವರ್ಯಾರೂ ಶಿಬಿರಕ್ಕೆ ಕಾಯಬಾರದು, ಡಬ್ಬಿಗೂ ಕಾಯಬಾರದು. ನೇರವಾಗಿ ವೈದ್ಯರಲ್ಲಿಗೆ ಹೋಗಿ ‘ರಕ್ತ ಎಲ್ಲಿಂದ ಹೋಗುತ್ತಿದೆ?’ ಎಂದು ಕೇಳಬೇಕು. ಕಬ್ಬಿಣದ ಮಾತ್ರೆ ಬರೆದುಕೊಟ್ಟ ಮೇಲೂ ಆ ಪ್ರಶ್ನೆಯನ್ನು ಬಿಡಬಾರದು. ಪ್ರಾಯ ಚಿಕ್ಕದೆಂದು ನೆತ್ತರನ್ನು ಕಡೆಗಣಿಸಲೂಬಾರದು. ನಮ್ಮ ದೇಶದಲ್ಲಿ ಈ ರೋಗ ಬಂದ 50ರೊಳಗಿನವರು ಕಡಿಮೆಯೇನಿಲ್ಲ. ತಂದೆ ತಾಯಿಗೋ ಒಡಹುಟ್ಟಿದವರಿಗೋ ಕರುಳಿನ ಕ್ಯಾನ್ಸರ್ ಬಂದಿದ್ದರೆ ನಿಮಗೆ ಫಿಟ್ ಸಾಲದು. 40ನೆಯ ವಯಸ್ಸಿನಲ್ಲಿ, ಅಥವಾ ಅವರಿಗೆ ರೋಗ ಬಂದ ವಯಸ್ಸಿಗಿಂತ ಹತ್ತು ವರ್ಷ ಮೊದಲು, ಯಾವುದು ಮೊದಲೋ ಆಗ, ಕೊಲೊನೋಸ್ಕೋಪಿಯ ಬಗ್ಗೆ ವೈದ್ಯರೊಡನೆ ಮಾತಾಡಿ.

ಶಿಬಿರದ ದಿನದ ಬಗ್ಗೆ ಇನ್ನೊಂದು ಮಾತು. ಎಂದಿನಂತೆ ಏಪ್ರಿಲ್ ರಜೆಯಲ್ಲಿ ಇಟ್ಟುಕೊಳ್ಳುವುದು ಈ ಪರೀಕ್ಷೆಗೆ ಒಳ್ಳೆಯದಲ್ಲ. ಸೆಕೆಯಲ್ಲಿ ಡಬ್ಬಿಯೊಳಗಿನ ಹಿಮೋಗ್ಲೋಬಿನ್ ಕೆಟ್ಟುಹೋಗಿ ಗುರುತು ಮಾಯವಾಗುವುದುಂಟು. ಬೇಸಿಗೆಯಲ್ಲಿ ಗುರುತು ಕಾಣುವವರ ಸಂಖ್ಯೆ ಇಳಿಯುವುದನ್ನು ಯೂರೋಪಿನಲ್ಲೇ ಗಮನಿಸಿದ್ದಾರೆ, ನಮ್ಮ ಏಪ್ರಿಲ್ ಇನ್ನೂ ಹೇಗಿರಬೇಡ. ತೆನೆಹಬ್ಬ ಕಳೆದ ಮೇಲೆ, ಸೆಪ್ಟೆಂಬರ್ ಕೊನೆಗೆ ಇಡೋಣ. ಎರಡನೆಯ ಸಲದ ಬೋರ್ಡೋ ಮುಗಿದಿರುತ್ತದೆ, ಅಡಿಕೆ ಕೊಯ್ಲು ಶುರುವಾಗಿರುವುದಿಲ್ಲ. ಡಬ್ಬಿಗಳನ್ನು ಆದಿತ್ಯವಾರ ಪೂಜೆಯ ನಂತರ ವಾರ್ಡಿನ ಗುರಿಕಾರರು ಹಂಚಲಿ. ಸೋಮವಾರ ಬೆಳಿಗ್ಗೆಯ ಮಾದರಿಯನ್ನು ಅಂದೇ ಹತ್ತು ಗಂಟೆಯೊಳಗೆ ತಂದುಕೊಟ್ಟರೆ ಲ್ಯಾಬಿಗೆ ಮಧ್ಯಾಹ್ನಕ್ಕೆ ತಲಪುತ್ತದೆ. ಆದಿತ್ಯವಾರವೇ ಬೆಳಿಗ್ಗೆ ಹಿಡಿದು ತಂದು ಇಗರ್ಜಿಯ ಜಗಲಿಯ ಬಿಸಿಲಿನಲ್ಲಿ ಇಡುವುದು ಬೇಡ. ಸಮಿತಿಯ ಮುಂದಿನ ಸಭೆ ತಿಂಗಳ ಎರಡನೆಯ ಶನಿವಾರ. ಪ್ಯಾಕೇಜಿನ ಪರವಾಗಿ ಮಾತಾಡಬಯಸುವವರೂ ಬನ್ನಿ, ಕೇಳುತ್ತೇವೆ.